ಹಡಗಿನ ಮೂತಿಯ ಸೇವಂತಿಗೆ

“ಯಾರ್ನ ಕೇಳಿ ಸೌಟು ಮುಟ್ದೆ, ಮುಂಡೆ? ನಿಮ್ ಕೇರಿ ಪಕ್ದಾಗೆ ಹೊಳೆ ಹರಿಯಾಕಿಲ್ವಾ?”

ಮೇಸ್ತ್ರಿ ಒಗುಶಿ ಪೀಪಾಯಿಯನ್ನು ಒದ್ದ. ಕೂಲಿಯವರಿಗೆಂದು ತುಂಬಿಸಿಟ್ಟ ಕುಡಿಯುವ ನೀರೆಲ್ಲ ಕಬ್ಬಿಣದ ಚೂರುಗಳ ಮೇಲೆ ಹರಿದುಹೋಯಿತು.

ಮುದುಕಿ ತೊಮೆ ಬೆನ್ನಿನ ಬುಟ್ಟಿಯನ್ನೂ ಇಳಿಸದೆ ಬಗ್ಗಿ ನಿಂತಿದ್ದಳು. ಬೆಳಗಿನಿಂದ ಹಡಗಿನ ರಿವೆಟ್ಟು ಮೊಳೆಗಳನ್ನು ಹೊತ್ತು ಹಲಗೆ ಹತ್ತಿ ಇಳಿದು ಅವಳ ಗಂಟಲು ಒಣಗಿತ್ತು. ಕೇರಿಯವರಿಗೆ ಬೇರೆಯಾಗಿ ಇಟ್ಟಿದ್ದ ಮಡಕೆ ಆಗಲೇ ಬರಿದಾಗಿತ್ತು.

“ಕುಮಾಜೊ, ಆ ಸೌಟು ಮುರ್ದಾಕ್ಲಾ. ಇವ್ಳು ನಿಂತಿರೋ ಜಾಗಕ್ಕೆ ಉಪ್ಪು ಚೆಲ್ಲು, ಮೈಲಿಗೆ ಕಳೀಲಿ. ಇವತ್ತು ಮಡೀಲಿರೋನು ನೀನೇಯ.”

ಹೌದು, ಇವತ್ತು ಕುಮಾಜೊ ಮಡಿಯಲ್ಲಿದ್ದ. ದೊಡ್ಡ ದೇಶಗಳವರು ದೂರದಲ್ಲೆಲ್ಲೋ ಕೂತು, ಇಷ್ಟು ಯುದ್ಧನೌಕೆ ಸಾಕು, ಮಿಕ್ಕಿದ್ದನ್ನು ಒಡೆಯೋಣ ಎಂದು ಸಹಿ ಹಾಕಿದ್ದರಲ್ಲ, ಹಾಗೆ ಕುರೆ ಬಂದರಿನ ಕಡಲಿಗೆ ಸಾಯಲು ಬಂದ ಹಡಗು ಇದು. ಇದರ ಹೊಟ್ಟೆ ಬಗೆಯಲು ಎಂಥ ಕೈಯಾದರೂ ಆದೀತು. ಮೂತಿಯಲ್ಲಿರುವ ಚಿನ್ನದ ಲೇಪದ ಮರದ ಸೇವಂತಿಗೆ ಮಾತ್ರ ಚಕ್ರವರ್ತಿಯ ಲಾಂಛನ. ಪೂಜಾರಿ ಮಂತ್ರ ಹೇಳುವಾಗ ಒಳ್ಳೆಯ ಕುಲದವನೊಬ್ಬ ಬಿಳಿ ಕೈಗವಸು ತೊಟ್ಟು ಅದನ್ನು ಬಿಚ್ಚಬೇಕು. ಐದು ವರ್ಷದ ಹಿಂದೆ ಕೆಲಸಕ್ಕೆ ಸೇರುವಾಗ ಕುಮಾಜೊ ಬೆಟ್ಟದ ಮೇಲಿನ ರೈತರ ಹಳ್ಳಿಯೊಂದನ್ನು ತನ್ನ ಊರೆಂದು ಸುಳ್ಳು ಬರೆಸಿದ್ದ; ಅದಕ್ಕೇ ಇವತ್ತು ಆ ಕೆಲಸ ಅವನ ಪಾಲಿಗೆ ಬಂದಿತ್ತು.

ತೊಮೆ ಅವನ ಹೆತ್ತ ತಾಯಿ. ಇಲ್ಲಿ ನನ್ನನ್ನು ಮಾತಾಡಿಸಬೇಡ ಎಂದು ಅವಳೇ ಅವನಿಂದ ಆಣೆ ಮಾಡಿಸಿಕೊಂಡಿದ್ದಳು.

ಅವನು ಬಿದಿರಿನ ಸೌಟನ್ನು ಮೊಣಕಾಲಿಗೆ ಕೊಟ್ಟು ಮುರಿದ. ಪೂಜಾರಿಯ ತಟ್ಟೆಯಿಂದ ಉಪ್ಪು ತೆಗೆದು ಎರಚಿದ. ಒಂದಿಷ್ಟು ಅವಳ ಪಾದದ ಮೇಲೆ, ತಗಡು ಕೊಯ್ದ ಹಸಿಗಾಯಕ್ಕೆ ಬಿತ್ತು. ಅವಳು ಕಾಲು ಕದಲಿಸಲಿಲ್ಲ.

“ತಪ್ಪಾಯ್ತು ಬುದ್ಧಿ,” ಎಂದಳು ಮಗನಿಗೆ. “ಇನ್ನೊಂದ್ ಕಿತ ಹಿಂಗ್ ಮಾಡಾಕಿಲ್ಲ.”

ಸುತ್ತ ನಿಂತವರು ನಕ್ಕರು. ಕುಮಾಜೊನೂ ನಕ್ಕ. ಆ ನಗು ತನ್ನದೇ ಗಂಟಲಿನದೆಂದು ತಿಳಿದಾಗ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಒಗುಶಿಯೂ ಮತ್ತಿಬ್ಬರೂ ಹಡಗಿನ ಮೇಲೆ ಅವನ ಸೊಂಟಕ್ಕೆ ಹಗ್ಗ ಕಟ್ಟಿ ಮೂತಿಯ ಮುಂದೆ ಇಳಿಬಿಟ್ಟರು. ಮೇಲೆ ಪೂಜಾರಿಯ ಮಂತ್ರ ಶುರುವಾಯಿತು. ಹತ್ತಿರದಿಂದ ನೋಡಿದರೆ ಹೂವಿನ ಚಿನ್ನವೆಲ್ಲ ಸಿಪ್ಪೆ ಎದ್ದು, ಒಳಗೆ ಬರೀ ಮರ. ನಾಲ್ಕು ಬೋಲ್ಟುಗಳಲ್ಲಿ ಮೂರನ್ನು ಬಿಚ್ಚಿದ. ಹೂವು ವಾಲಿ ಅವನ ಎದೆಗೆ ಒರಗಿತು.

ಕೆಳಗೆ ದೋಣಿಕಟ್ಟೆಯಲ್ಲಿ ಅವ್ವ ಹುಬ್ಬಿಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದಳು. ಮುಖದಲ್ಲಿ ಸಿಟ್ಟಿರಲಿಲ್ಲ. ಬಿಳಿ ಕೈಗವಸು ತೊಟ್ಟ ಮಗನನ್ನು ಕಂಡು ಹಿಗ್ಗಿದ್ದಳು. ಬೈದಿದ್ದರೆ ಸಹಿಸುತ್ತಿದ್ದ, ಆ ಹಿಗ್ಗನ್ನು ಅವನಿಂದ ಸಹಿಸಲಾಗಲಿಲ್ಲ.

ಕೈಗವಸುಗಳನ್ನು ಹಲ್ಲಿನಿಂದ ಕಿತ್ತು ಕಡಲಿಗೆ ಉಗಿದ. ಎರಡೂ ಬರಿಗೈಗಳನ್ನು ಹೂವಿನ ಮೇಲೆ ಅಗಲವಾಗಿ ಊರಿದ.

“ಮೇಸ್ತ್ರಿ, ಉಪ್ಪು ಇನ್ನೂ ಐತಾ?”

“ಯಾಕ್ಲಾ ಬಡ್ಡಿಮಗ್ನೇ?”

“ನಿನ್ ಹೂವಿಗೂ ಬೇಕಾಯ್ತದೆ. ಆ ಮುದುಕಿ ನಮ್ಮವ್ವ. ನಾನೂ ಅದೇ ಕೇರಿಯೋನು.”

ಮಂತ್ರ ನಿಂತಿತು. ಅವ್ವ ಬೇಡ ಬೇಡವೆಂದು ತಲೆಯಾಡಿಸುತ್ತ ನೆಲಕ್ಕೆ ಕುಸಿದಳು. ಕುಮಾಜೊ ಕೊನೆಯ ಬೋಲ್ಟನ್ನೂ ಬಿಚ್ಚಿ, ಹೂವನ್ನು ಎರಡೂ ತೋಳುಗಳಲ್ಲಿ ತಬ್ಬಿಕೊಂಡ. ಈಗ ಅವನು ಬಿದ್ದರೆ ಅದೂ ಬೀಳುತ್ತದೆ.

ಅವನು ತಲೆ ಎತ್ತಿ ನೋಡಿದ. ಹಗ್ಗ ಒಗುಶಿಯ ಕೈಯಲ್ಲಿತ್ತು.