ಕಚೆರೆ ಮರದ ಕೆಳಗಿನ ಸಾಕ್ಷಿ

ಅಜುಂಗು ತಂಡ ಬರುತ್ತದೆಂದು ಸುದ್ದಿಯಾದರೆ ಸಾಕು, ಕಂಫಿಂಡದ ಕೋಳಿಗಳಿಗೆ ಗ್ರಹಚಾರ ಶುರುವಾಯಿತೆಂದೇ ಅರ್ಥ. ಮಲಾವಿ ಸರೋವರದ ದಂಡೆಯ ಆ ಊರಿಗೆ ಪ್ರತಿ ವರ್ಷ ಶೇಂಗಾ ಕಿತ್ತು ಮುಗಿದ ಮೇಲೆ ಹೊರದೇಶದ ಚರ್ಚಿನ ಬಿಳಿಯರು, ಊರವರ ಬಾಯಲ್ಲಿ ಅಜುಂಗು, ಬರುತ್ತಿದ್ದರು. ಬಂದವರು ಶಾಲೆಯ ಗೋಡೆಗೆ ಬಣ್ಣ ಬಳಿಯುತ್ತಿದ್ದರು. ಹಿಂದಿನ ವರ್ಷದ ಬಣ್ಣ ಇನ್ನೂ ಚೆನ್ನಾಗಿಯೇ ಇರುತ್ತಿತ್ತು, ಆದರೂ ಬಳಿಯುತ್ತಿದ್ದರು. ಮಕ್ಕಳಿಗೆ ಹಾಡು ಕಲಿಸುತ್ತಿದ್ದರು. ಕೊನೆಯ ಭಾನುವಾರ ಕಚೆರೆ ಮರದ ಕೆಳಗೆ ದೊಡ್ಡ ಸಭೆ ಮಾಡಿ, ತಾವೂ ಅತ್ತು, ಊರಿನವರನ್ನೂ ಅಳಿಸಿ ಹೊರಟುಹೋಗುತ್ತಿದ್ದರು. ಊರಿನವರಿಗೆ ಇದರಲ್ಲಿ ದೂರೇನೂ ಇರಲಿಲ್ಲ. ಬಂದವರಿಗೆ ಕೋಳಿ ಕೊಯ್ದು ಬಡಿಸುವುದು ತಮ್ಮ ಮರ್ಯಾದೆ, ಗೋಡೆಗೆ ಬಣ್ಣ ಬಳಿಯುವುದು ಅವರ ಮರ್ಯಾದೆ ಎಂದು ಸುಮ್ಮನಿದ್ದರು.

ಆ ವರ್ಷ ತಂಡದ ಮಾತನ್ನು ಊರಿಗೆ ತಿಳಿಸುವ ಕೆಲಸ ತಿಯಾಂಜನೆಗೆ ಬಿತ್ತು. ಹೈಸ್ಕೂಲು ಮುಗಿಸಿ ಮನೆಯಲ್ಲಿ ಕೂತಿದ್ದ ಹುಡುಗಿ, ಇಂಗ್ಲಿಷ್ ಚೆನ್ನಾಗಿತ್ತು. ಸಂಬಳವಿಲ್ಲದ ಸೇವೆ. ಆದರೆ ತಂಡದವರೆಲ್ಲ ಹಾಕುವ ಹಸಿರು ಅಂಗಿಯೊಂದನ್ನು ಅವಳಿಗೂ ಕೊಟ್ಟಿದ್ದರು, ಅವಳು ಅದನ್ನು ರಾತ್ರಿ ಒಗೆದು ಬೆಳಿಗ್ಗೆ ಮತ್ತೆ ಹಾಕಿಕೊಳ್ಳುತ್ತಿದ್ದಳು. ಇಷ್ಟು ದಿನ ತಂಡವನ್ನು ನೋಡುವವಳಾಗಿದ್ದೆ, ಈಗ ತಂಡದವಳಾದೆ ಎಂಬ ಹೆಮ್ಮೆ ಅವಳಿಗೆ.

ತಂಡದಲ್ಲಿ ಅವಳದೇ ವಯಸ್ಸಿನ ಲಾರೆಲ್ ಎಂಬ ಹುಡುಗಿಯಿದ್ದಳು. ಅಮೆರಿಕದಿಂದ ಮೊದಲ ಸಲ ಹೊರಗೆ ಬಂದವಳು. ಅವಳನ್ನು ತಿಯಾಂಜನೆಯ ಮನೆಯಲ್ಲೇ ಇಳಿಸಿದ್ದರು, ಯಾಕೆಂದರೆ ಅದು ಚರ್ಚಿನ ಹಿರಿಯರಾದ ಕಲುವ ಅವರ ಮನೆ. ಲಾರೆಲ್ ಒಳ್ಳೆಯ ಹುಡುಗಿ, ಅದನ್ನು ಇಲ್ಲವೆನ್ನುವಂತಿಲ್ಲ. ಕೊಡ ಹೊರಲು ಹೋಗಿ ಮೈಯೆಲ್ಲ ಒದ್ದೆ ಮಾಡಿಕೊಂಡಳು, ನ್ಸಿಮಾ ಎಂಬ ಮೆಕ್ಕೆಜೋಳದ ಮುದ್ದೆ ತಿರುವಲು ಹೋಗಿ ಅಂಗೈ ಸುಟ್ಟುಕೊಂಡಳು, ತಿಯಾಂಜನೆಯ ತಮ್ಮ ಐದು ವರ್ಷದ ಯಾಂಖೊನನ್ನು ಸೊಂಟದಿಂದ ಇಳಿಸುತ್ತಿರಲಿಲ್ಲ. ಊಟದ ಹೊತ್ತಿಗೆ ಮಾತ್ರ ಇಬ್ಬರಿಗೂ ಜಗಳ. ಅತಿಥಿಗಳಿಗೆ ಮುಂದಿನ ಕೋಣೆಯಲ್ಲಿ ಊಟ. ತಿಯಾಂಜನೆ ಮಂಡಿಯೂರಿ ಅವರ ಕೈಗೆ ನೀರು ಹಾಕಿ, ಅಡುಗೆಮನೆಗೆ ಹೋಗಿ ತಾಯಿಯೊಡನೆ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದಳು.

“ಒಂದು ದಿನ ನನ್ನ ಜೊತೆ ಕೂತು ಉಣ್ಣೇ. ನಾವಿಬ್ಬರೂ ಫ್ರೆಂಡ್ಸ್ ತಾನೇ?” ಎಂದು ಲಾರೆಲ್ ಗೋಗರೆಯುತ್ತಿದ್ದಳು.

“ನನ್ನ ತಟ್ಟೆ ಅಡುಗೆಮನೇಲಿದೆ,” ಎಂದು ತಿಯಾಂಜನೆ ನಗುತ್ತಿದ್ದಳು.

ತಂಡ ಬೇರೆಲ್ಲ ಊರು ಬಿಟ್ಟು ಕಂಫಿಂಡಕ್ಕೇ ಬರುವುದಕ್ಕೆ ಕಾರಣ ಈ ಯಾಂಖೊ. ಕೂಸಾಗಿದ್ದಾಗ ಅವನಿಗೆ ಜ್ವರ ಬಂದು ಕಣ್ಣು ಮೇಲಾಗಿತ್ತು. ತಂದೆ ಕಲುವ ಅವರು ಹಿರಿಯರನ್ನೆಲ್ಲ ಕೂಡಿಸಿ ಸಂಜೆಯವರೆಗೆ ಪ್ರಾರ್ಥಿಸಿದರು. ಸಂಜೆಗೆ ಮಗು ಕಣ್ಣು ಬಿಟ್ಟಿತು. ಆ ಭಾನುವಾರ ಅವರು ಚರ್ಚಿನಲ್ಲಿ ನಿಂತು ದೇವರೇ ಮಗನನ್ನು ಬದುಕಿಸಿದನೆಂದು ಸಾಕ್ಷಿ ಹೇಳಿದಾಗ ಗಟ್ಟಿ ಗಂಡಸರೂ ಅತ್ತರು. ಪಾದ್ರಿ ಗೊಂದ್ವೆ ಅದನ್ನು ಹೊರದೇಶದವರಿಗೆ ತಿಳಿಸಿದರು. ಮರುವರ್ಷವೇ ತಂಡ ಬಂತು, ಚರ್ಚಿಗೆ ತಗಡು ಬಂತು, ಬೋರ್‌ವೆಲ್ಲೂ ಬಂತು.

ನಡೆದದ್ದರಲ್ಲಿ ಒಂದು ಭಾಗ ಮಾತ್ರ ಸಾಕ್ಷಿಯಲ್ಲಿರಲಿಲ್ಲ. ಅಂದು ಮಧ್ಯಾಹ್ನ ತಂದೆ ಹಿರಿಯರನ್ನು ಕರೆತರಲು ಹೋದಾಗ ತಾಯಿ ನಾಫಿರಿ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಹಿತ್ತಲ ಕಡೆಯಿಂದ ಹೊರಟಿದ್ದಳು, ಜೊತೆಗೆ ತಿಯಾಂಜನೆ. ಮರಗೆಣಸಿನ ಹೊಲದ ಆಚೆ ಇದ್ದ ಸಿಂಗಾಂಗ, ಅಂದರೆ ನಾಟಿ ವೈದ್ಯ, ಮಗುವಿಗೆ ಬೇರಿನ ನೀರು ಕುಡಿಸಿ, ನೆತ್ತಿಯ ಹಿಂದೆ ಬ್ಲೇಡಿನಿಂದ ಸಣ್ಣಗೆ ಗೀರಿ ಕಪ್ಪು ಪುಡಿ ತಿಕ್ಕಿದ್ದ. ಹಿರಿಯರು ಬಂದು ಪ್ರಾರ್ಥನೆಗೆ ಕೂರುವಷ್ಟರಲ್ಲಿ ಮಗು ಮತ್ತೆ ಚಾಪೆಯ ಮೇಲಿತ್ತು. ಅದನ್ನು ಬದುಕಿಸಿದ್ದು ಬೇರೋ ಪ್ರಾರ್ಥನೆಯೋ ಎಂದು ತಾಯಿ ಮಗಳು ಒಮ್ಮೆಯೂ ಮಾತಾಡಿಕೊಳ್ಳಲಿಲ್ಲ. ಮಗು ಬದುಕಿತು, ಅವರಿಗೆ ಅಷ್ಟು ಸಾಕಾಗಿತ್ತು.

ಆದರೆ ಚರ್ಚಿಗೆ ಅಷ್ಟು ಸಾಲದು. ವೈದ್ಯನ ಬಾಗಿಲಿಗೆ ಹೋದವರನ್ನು ಅಲ್ಲಿ ದೂರ ಇಡುತ್ತಿದ್ದರು. ಹಿಂದಿನ ವರ್ಷ ನಾಬಾಂಡ ಎಂಬ ವಿಧವೆ ಮೊಣಕಾಲು ನೋವಿಗೆ ಹೋಗಿ ಸಿಕ್ಕಿಬಿದ್ದಾಗ, ತಾಯಂದಿರ ಸಂಘದವರು ತಲೆಗೆ ಕಟ್ಟುವ ಬಿಳಿ ವಸ್ತ್ರವನ್ನು ಎಲ್ಲರೆದುರು ಬಿಚ್ಚಿಸಿ ಅವಳನ್ನು ಹಿಂದಿನ ಬೆಂಚಿಗೆ ಕಳಿಸಿದ್ದರು. ಈಗ ಬೋರ್‌ವೆಲ್ಲಿನ ಹತ್ತಿರ ಅವಳ ಕೊಡದ ಪಕ್ಕ ಯಾರೂ ಕೊಡ ಇಡುವುದಿಲ್ಲ. ಅವಳ ಬಿಳಿ ವಸ್ತ್ರ ಬಿಚ್ಚಿದ ಕೈ ಸಂಘದ ಮುಖ್ಯಸ್ಥೆ ನಾಫಿರಿಯದೇ. ಅಂದು ಮನೆಗೆ ಬಂದ ತಾಯಿ ಊಟ ಮುಟ್ಟದೆ ಮಲಗಿದ್ದು ತಿಯಾಂಜನೆಗೆ ಗೊತ್ತು.

ಇಂಥ ಗುಟ್ಟು ಹೊರಬಿದ್ದದ್ದು ಒಂದು ತಲೆಸ್ನಾನದಿಂದ. ಲಾರೆಲ್ ಯಾಂಖೊನ ತಲೆ ತಿಕ್ಕುತ್ತಿದ್ದಾಗ ಬೆರಳಿಗೆ ಹಳೆಯ ಗೀರುಗಳು ಸಿಕ್ಕವು. ಆಮೇಲೆ ಜಗಲಿಯಲ್ಲಿ ಇಬ್ಬರೂ ಶೇಂಗಾ ಬಿಡಿಸುತ್ತ ಕೂತಾಗ ಇದೇನೆಂದು ಕೇಳಿದಳು. ಮುಳ್ಳು ತರಚಿದ್ದೆಂದು ಹೇಳಿ ಮುಗಿಸಬಹುದಿತ್ತು. ಆದರೆ ಲಾರೆಲ್ ಹಿಂದಿನ ದಿನವಷ್ಟೇ ತನ್ನ ಅಪ್ಪ ಕುಡಿಯುವುದನ್ನು, ಅದನ್ನು ತಮ್ಮ ಚರ್ಚಿನಲ್ಲಿ ಯಾರಿಗೂ ಹೇಳಿಲ್ಲವೆಂಬುದನ್ನು ಬಿಕ್ಕುತ್ತ ಹೇಳಿಕೊಂಡಿದ್ದಳು. ಅಷ್ಟು ಕೊಟ್ಟವಳಿಗೆ ತಾನೂ ಏನಾದರೂ ಕೊಡಬೇಕೆನ್ನಿಸಿತು ತಿಯಾಂಜನೆಗೆ. ಎಲ್ಲ ಹೇಳಿದಳು. ಹೇಳಿ ಹಗುರಾದಳು.

“ಯಾರಿಗೂ ಹೇಳಲ್ಲ. ದೇವರಾಣೆ,” ಎಂದು ಲಾರೆಲ್ ಅವಳ ಕೈ ಒತ್ತಿದ್ದಳು.

ಕೊನೆಯ ಭಾನುವಾರ ಬಂತು. ಕಚೆರೆ ಮರದ ಕೆಳಗೆ ಊರಿಗೆ ಊರೇ ಕೂಡಿತ್ತು. ಮುಂದಿನ ಸಾಲಿನಲ್ಲಿ ಬಿಳಿ ವಸ್ತ್ರ ಕಟ್ಟಿದ ತಾಯಂದಿರು, ಅವರ ನಡುವೆ ನಾಫಿರಿ, ಅವಳ ತೊಡೆಯ ಮೇಲೆ ಯಾಂಖೊ. ಒಂದು ಪಕ್ಕದಲ್ಲಿ ತಂದೆಯೂ ಹಿರಿಯರೂ, ಮೈಕಿನ ಹಿಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಪಾದ್ರಿ ಗೊಂದ್ವೆ. ಆ ವರ್ಷ ಮಾತಾಡುವ ಸರದಿ ಲಾರೆಲ್‌ಳದು.

ಸಭೆಯಲ್ಲಿ ಭಾಷೆ ಬದಲಿಸುವುದಕ್ಕೆ ಒಂದು ಪದ್ಧತಿಯಿದೆ. ಅವರೊಂದು ವಾಕ್ಯ, ಇವರೊಂದು ವಾಕ್ಯ. ಅವರು ‘ನಾನು’ ಎಂದರೆ ಇವರೂ ‘ನಾನು’ ಎನ್ನಬೇಕು. ಅವರು ಕೈಯೆತ್ತಿದರೆ ಇವರೂ ಎತ್ತಬೇಕು. ಕೇಳುವವರಿಗೆ ಇಬ್ಬರೂ ಒಬ್ಬರೇ ಎನ್ನಿಸಬೇಕು. ತಿಯಾಂಜನೆ ಇದರಲ್ಲಿ ಪಳಗಿದ್ದಳು.

ಲಾರೆಲ್ ಊರಿಗೆ ವಂದಿಸಿದಳು, ಇವಳೂ ವಂದಿಸಿದಳು. ಒಂದು ಮನೆಯ ಕಥೆ ಹೇಳುತ್ತೇನೆಂದಳು, ಇವಳೂ ಹಾಗೆಯೇ ಹೇಳಿದಳು. ಆಮೇಲೆ ಲಾರೆಲ್ ಇಂಗ್ಲಿಷಿನಲ್ಲಿ ಹೇಳಿದಳು: “ಆ ಮನೆಯಲ್ಲಿ ಅಪ್ಪ ಪ್ರಾರ್ಥನೆಗೆ ಸಿದ್ಧ ಆಗ್ತಿದ್ದಾಗ, ಅಮ್ಮ ಜ್ವರದ ಮಗೂನ ಕದ್ದು ಮಂತ್ರವಾದಿ ಹತ್ತಿರ ಹೊತ್ಕೊಂಡು ಹೋದಳು.”

ತಿಯಾಂಜನೆ ಲಾರೆಲ್‌ಳ ಮುಖ ನೋಡಿದಳು. ಶೇಂಗಾ ಬಿಡಿಸುತ್ತ ತನ್ನ ಕೈ ಒತ್ತಿದ್ದ ಅದೇ ಹುಡುಗಿ, ಅದೇ ಮೃದು ದನಿಯಲ್ಲಿ, ಊರಿನ ಮುಂದೆ ತನ್ನ ತಾಯಿಯ ತಲೆಗೆ ಕೈ ಹಾಕುತ್ತಿದ್ದಳು. ಅದನ್ನೂ ತನ್ನ ಬಾಯಿಂದಲೇ ಮಾಡಿಸುತ್ತಿದ್ದಳು. ಜನ ಕಾಯುತ್ತಿದ್ದರು. ಹಿಂದಿನಿಂದ ಪಾದ್ರಿ ಕೆಮ್ಮಿದರು. ತಂದೆಗೆ, ಹಿರಿಯರಿಗೆ ಬಾರದ ಇಂಗ್ಲಿಷ್ ಅವರಿಗೆ ಬರುತ್ತದೆ. ತಿಯಾಂಜನೆ ತಿರುಗಿ ನೋಡಲಿಲ್ಲ.

“ನಮ್ಮ ದೇಶದಲ್ಲಿ, ನಮ್ಮ ಮನೇಲಿ, ನನ್ನ ತಮ್ಮನಿಗೆ ಜ್ವರ ಬಂದಿತ್ತು,” ಎಂದಳು ಊರಿನ ಚೆವಾ ಭಾಷೆಯಲ್ಲಿ. “ನಮ್ಮಪ್ಪ ಪ್ರಾರ್ಥನೆ ಮಾಡ್ತಿದ್ದಾಗ ನಾನು ಅವನನ್ನ ಕದ್ದು ಸಿಂಗಾಂಗನ ಹತ್ತಿರ ಎತ್ಕೊಂಡು ಹೋದೆ.”

ಸಭೆ ‘ಹಾ’ ಎಂದಿತು. ಅಮೆರಿಕದಲ್ಲೂ ಸಿಂಗಾಂಗ ಇರುತ್ತಾನಾ ಎಂದು ಮುದುಕರೊಬ್ಬರು ಪಕ್ಕದವರನ್ನು ಕೇಳಿದ್ದು ಮೈಕಿನವರೆಗೂ ಕೇಳಿಸಿತು. ಜನ ಅಲುಗಿದ್ದು ಕಂಡು ಲಾರೆಲ್‌ಗೆ ಹುರುಪು ಬಂತು. “ಮಗೂನ ಕೂದಲೊಳಗೆ ಆ ಗಾಯದ ಗುರುತು ಇವತ್ತೂ ಇದೆ,” ಎನ್ನುತ್ತ ತನ್ನ ನೆತ್ತಿಯ ಹಿಂದೆ ಬೆರಳಿಟ್ಟು ತೋರಿಸಿದಳು.

ತಿಯಾಂಜನೆಯ ಕೈ ಪದ್ಧತಿಯಂತೆ ಅರ್ಧ ಎದ್ದಿತ್ತು. ಅದನ್ನು ಎಳೆದು ಎದೆಯ ಮೇಲೆ ಇಟ್ಟುಕೊಂಡಳು. “ಆ ತಪ್ಪಿನ ಗಾಯ ಇವತ್ತೂ ಇಲ್ಲಿದೆ.”

“ಆ ತಾಯಿ ಇವತ್ತು ಈ ಮರದ ಕೆಳಗೇ ಕೂತಿದ್ದಾಳೆ. ಎದ್ದು ಬರಲಿ. ಎಲ್ಲರ ಮುಂದೆ ಒಪ್ಪಿಕೊಳ್ಳಲಿ. ದೇವರು ಕ್ಷಮಿಸ್ತಾನೆ.” ಲಾರೆಲ್‌ಳ ಕಣ್ಣಲ್ಲಿ ನಿಜವಾದ ನೀರಿತ್ತು.

“ನಮ್ಮಮ್ಮ ಇಲ್ಲಿಲ್ಲ, ತುಂಬ ದೂರ ಇದಾಳೆ,” ಎಂದಳು ತಿಯಾಂಜನೆ. “ನಿಮ್ಮಲ್ಲಿ ಯಾರಾದ್ರೂ ತಾಯಿ ಎದ್ದು ಬಂದು ನನ್ನ ತಬ್ಬಿಕೊಂಡ್ರೆ, ದೇವರೇ ಕ್ಷಮಿಸಿದ ಹಾಗೆ.”

ಬಾಯಿಂದ ಮಾತು ಜಾರಿದ ಮೇಲೆ ಅವಳಿಗೆ ಹೊಳೆಯಿತು. ಊರಿನ ಮುಂದೆ ಅತಿಥಿಯೊಬ್ಬರು ತಾಯಂದಿರನ್ನು ಕರೆದರೆ ಮೊದಲು ಏಳಬೇಕಾದವಳು ಸಂಘದ ಮುಖ್ಯಸ್ಥೆ. ನಾಫಿರಿ ಯಾಂಖೊನನ್ನು ಪಕ್ಕದವಳ ತೊಡೆಗೆ ದಾಟಿಸಿ ಎದ್ದಳು. ನೆಟ್ಟಗೆ ನಡೆದು ಬಂದು ಲಾರೆಲ್‌ಳನ್ನು ತಬ್ಬಿಕೊಂಡಳು. ಹೆಂಗಸರು ನಾಲಿಗೆ ಆಡಿಸಿ ಉಲುಲು ಎಂದು ಹರ್ಷದ ಕೂಗು ಹಾಕಿದರು. ತಾಯಿ ತಪ್ಪೊಪ್ಪಿಕೊಳ್ಳಲು ಬಂದಳೆಂದೇ ತಿಳಿದ ಲಾರೆಲ್ ಅವಳ ಹೆಗಲ ಮೇಲೆ ಗೋಳೋ ಎಂದು ಅತ್ತಳು.

ಲಾರೆಲ್‌ಳ ಹೆಗಲಿನ ಮೇಲಿಂದ ನಾಫಿರಿ ಮಗಳನ್ನು ನೋಡಿದಳು. ಅವಳಿಗೆ ಇಂಗ್ಲಿಷ್ ಬರುವುದಿಲ್ಲ. ಆದರೆ ಬಿಳಿ ಹುಡುಗಿಯ ಬೆರಳು ನೆತ್ತಿಯ ಹಿಂದೆ ಯಾವ ಜಾಗಕ್ಕೆ ಹೋಯಿತು, ಮಗಳ ಕೈ ಅರ್ಧಕ್ಕೆ ಯಾಕೆ ನಿಂತಿತು ಎಂಬುದನ್ನು ಅವಳು ಕಂಡಿದ್ದಳು. ವೈದ್ಯನನ್ನು ಬಿಟ್ಟರೆ ಆ ಜಾಗ ಈ ಲೋಕದಲ್ಲಿ ತಾಯಿ ಮಗಳಿಗೆ ಮಾತ್ರ ಗೊತ್ತಿತ್ತು.

ಸಭೆ ಚೆದುರುವಾಗ ಪಾದ್ರಿ ಗೊಂದ್ವೆ ತಿಯಾಂಜನೆಯ ಹತ್ತಿರ ಬಂದರು. ಬೈಯುತ್ತಾರೆಂದು ಅವಳು ತಲೆ ತಗ್ಗಿಸಿದಳು.

“ಚೆನ್ನಾಗಿ ಹೇಳಿದೆ ಮಗಳೇ,” ಎಂದರು ಮೆಲ್ಲಗೆ. “ತಂಡ ಬರೋದೇ ಯಾಂಖೊನಿಂದ. ನಿಮ್ಮಪ್ಪನ ಸಾಕ್ಷಿ ಹೇಗಿದೆಯೋ ಹಾಗೇ ಇರಲಿ.”

ಅವರ ಮುಖದಲ್ಲಿ ಆಶ್ಚರ್ಯದ ಗುರುತೇ ಇರಲಿಲ್ಲ. ಅವರಿಗೆ ಮೊದಲೇ ತಿಳಿದಿತ್ತು, ಎಂದಿನಿಂದಲೋ ತಿಳಿದಿತ್ತು. ಎಲ್ಲ ತಿಳಿದೂ ನಾಬಾಂಡಳ ತಲೆಯ ವಸ್ತ್ರ ಬಿಚ್ಚಲು ತನ್ನ ತಾಯಿಗೇ ಹೇಳಿದ್ದರು. ತಿಯಾಂಜನೆಗೆ ಮೈಯೆಲ್ಲ ಉರಿಯಿತು. ತಾನು ಚಿಕ್ಕಂದಿನಿಂದ ಕೈಮುಗಿದು ಕೂತ ಜಾಗವೇ ತನಗೆ ಮೋಸ ಮಾಡಿತ್ತೆನ್ನಿಸಿತು.

ಮನೆಯ ದಾರಿಯಲ್ಲಿ ಲಾರೆಲ್ ಕುಣಿಯುತ್ತಲೇ ಬಂದಳು. “ನೋಡಿದ್ಯಾ? ನಿಮ್ಮಮ್ಮ ತಾವಾಗೇ ಎದ್ದು ಬಂದ್ರು. ನಾನು ನಿನ್ನ ಹೆಸರು ಹೇಳಲಿಲ್ಲ, ಅವರ ಹೆಸರೂ ಹೇಳಲಿಲ್ಲ. ಮಾತು ಉಳಿಸಿಕೊಂಡೆ.”

“ಆಣೆ ಹಾಕಿದ್ದೆ ನೀನು.”

“ಅವರ ಆತ್ಮದ ವಿಷಯ ಅಲ್ವಾ ಇದು? ನನಗೆ ನಿದ್ದೆ ಬರ್ತಿರಲಿಲ್ಲ. ಪ್ರೀತಿಯಿಂದಲೇ ಮಾಡಿದ್ದು.”

ತಿಯಾಂಜನೆ ನಿಂತಳು. “ನೀನು ಹೇಳಿದ್ದನ್ನ ನಾನು ಹೇಳಲೇ ಇಲ್ಲ,” ಎಂದಳು. ತಾನು ಏನು ಹೇಳಿದೆನೆಂಬುದನ್ನು ಒಂದೊಂದೇ ವಾಕ್ಯವಾಗಿ ಇಂಗ್ಲಿಷಿಗೆ ತಿರುಗಿಸಿ ಕೇಳಿಸಿದಳು. ಲಾರೆಲ್‌ಳ ಮುಖ ಕೆಂಪಾಗಿ, ಆಮೇಲೆ ಬಿಳುಚಿತು.

“ಅಂದ್ರೆ ಅವರೆಲ್ಲ ಅತ್ತಿದ್ದು ನನ್ನ ಪಾಪಕ್ಕಾ? ನಾನು ಮಾಡದೇ ಇರೋದಕ್ಕಾ?” ಎಂದಳು. “ನಿನ್ನನ್ನ ನಂಬಿದ್ದೆ ನಾನು.”

ಅದನ್ನು ಕೇಳಿ ತಿಯಾಂಜನೆಗೆ ನಗು ಬಂತು, ಕೆಟ್ಟ ನಗು. ತನ್ನ ಬಾಯಲ್ಲಿ ಬರಬೇಕಿದ್ದ ಮಾತನ್ನೂ ಇವಳೇ ಕಸಿದುಕೊಂಡಳಲ್ಲ ಎನ್ನಿಸಿತು.

ಸಂಜೆ ಕಡೆಯ ಊಟ. ಮುಂದಿನ ಕೋಣೆಯಲ್ಲಿ ಚಾಪೆ ಹಾಸಿತ್ತು, ಕೋಳಿ, ಸೊಪ್ಪು, ಬಿಸಿ ನ್ಸಿಮಾ. ತಿಯಾಂಜನೆ ಎಂದಿನಂತೆ ನೀರಿನ ಜಗ್ಗು ತರಲು ಏಳುವುದರಲ್ಲಿದ್ದಳು. ಅಷ್ಟರಲ್ಲಿ ತಾಯಿಯೇ ಜಗ್ಗನ್ನೂ ಬೋಗುಣಿಯನ್ನೂ ಹಿಡಿದು ಬಂದಳು. ಮಂಡಿಯೂರಿ ಲಾರೆಲ್‌ಳ ಕೈಗೆ ನೀರು ಹಾಕಿದಳು. ಆಮೇಲೆ ಮಂಡಿಯ ಮೇಲೆಯೇ ಪಕ್ಕಕ್ಕೆ ಸರಿದು ಮಗಳ ಮುಂದೆ ಬಂದಳು.

“ಅಮಾಯಿ, ನಾನು ಒಳಗೆ ನಿನ್ನ ಜೊತೆ…” ಎಂದು ತಾಯಿಯನ್ನು ಕರೆಯುತ್ತ ತಿಯಾಂಜನೆ ಏಳಹೋದಳು.

“ತಂಡದೋರು ದಣಿದಿದ್ದೀರಿ,” ಎಂದಳು ನಾಫಿರಿ. ಕಣ್ಣು ಹಸಿರು ಅಂಗಿಯ ಮೇಲಿತ್ತು, ಮುಖದ ಮೇಲಲ್ಲ. “ಕೈ ತೊಳ್ಕೊಳ್ಳಿ.”

ತಂದೆಗೆ ಇದೊಂದು ತಮಾಷೆಯಾಗಿ ಕಂಡಿತು. “ಏನಿದು, ನಮ್ಮ ಮಗಳೂ ಅಜುಂಗು ಆಗಿಬಿಟ್ಟಳಾ?” ಎಂದು ನಕ್ಕರು.

“ಹೌದು,” ಎಂದಳು ತಾಯಿ.

ಬಾಗಿಲಲ್ಲಿ ನಿಂತಿದ್ದ ಯಾಂಖೊ ಅಕ್ಕನ ಕಡೆ ಓಡಿ ಬರಲು ನೋಡಿದ. ನಾಫಿರಿ ಅವನ ತೋಳು ಹಿಡಿದು ನಿಲ್ಲಿಸಿ, ಅತಿಥಿಗಳು ಉಣ್ಣುತ್ತಿದ್ದಾರೆ, ನಾವು ಒಳಗೆ ಉಣ್ಣೋಣ ಎಂದಳು. ತಿಯಾಂಜನೆ ಕೈ ಚಾಚಿದಳು. ಅತಿಥಿಗಳ ಕೈಗೆಂದರೆ ತಾಯಿ ಯಾವಾಗಲೂ ನೀರನ್ನು ಒಲೆಯ ಪಕ್ಕ ಇಟ್ಟು ಬೆಚ್ಚಗೆ ಮಾಡುತ್ತಿದ್ದಳು. ಅಂದೂ ಅದು ಬೆಚ್ಚಗೇ ಇತ್ತು.