ಕರಡಿ ಪಾಲಿನ ಸೀತಾಫಲ

ನಮ್ಮ ಗುಡ್ಡದಲ್ಲಿ ಸೀತಾಫಲ ಹರಿಯುವುದಕ್ಕೆ ಒಂದು ಕಟ್ಟಳೆ ಇದೆ. ಜೋಡುಬಂಡೆಯಿಂದ ಕೆಳಗಿನ ಗಿಡಗಳು ನಮ್ಮವು, ಮೇಲಿನವು ಕರಡಿಯವು. ಈ ಸಲ ಕೆಳಗೆ ಕಾಯಿ ಕಡಿಮೆ. ಗಂಗಾವತಿ ಬಜಾರದಲ್ಲಿ ಈ ಕರಿಯವ್ವನ ಹಣ್ಣೇ ಬೇಕೆಂದು ಹುಡುಕಿಕೊಂಡು ಬರುವವರ ಮುಂದೆ ಖಾಲಿ ಬುಟ್ಟಿ ಇಡುವ ಜಾಯಮಾನ ನನ್ನದಲ್ಲ. ದಸರೆಗೆ ಮುಂಚೆ ಗುಡ್ಡ ಹತ್ತಿ ಮೇಲಿನವನ್ನೂ ಬರಿದು ಮಾಡಿ ಬಂದೆ. ಯಾರಿಗೂ ಹೇಳಲಿಲ್ಲ.

ವಾರದೊಳಗೆ ನನ್ನ ತಮ್ಮ ಪಕೀರಪ್ಪನ ಮೆಕ್ಕೆಜೋಳಕ್ಕೆ ಕರಡಿ ನುಗ್ಗಿತು. ನಾಲ್ಕು ಸಾಲು ನೆಲಸಮ. ಬೇಲಿಗೆ ಕರೆಂಟು ಕೊಟ್ಟೇಬಿಡುತ್ತೇನೆಂದು ಅವನು ತಂತಿಯ ಸುರುಳಿ ತಂದ. ಅರಣ್ಯ ಇಲಾಖೆಯ ವಾಚರ್ ಯಂಕೇಶ ಬಂದು, ಬದುವಿನ ಮೇಲಿದ್ದ ಕರಡಿ ಲದ್ದಿಯನ್ನು ಕಡ್ಡಿಯಿಂದ ಕೆದಕಿದ.

"ಪ್ರತಿ ವರ್ಷ ಈ ದಿನದಾಗ ಸೀತಾಫಲದ ಕರಿ ಬೀಜ ಇರ್ತಾವ್ರಿ. ಈಗ ನೋಡ್ರಿ, ಬರೇ ಜ್ವಾಳ. ಗುಡ್ಡದಾಗ ಹಣ್ಣಿಲ್ಲೇನು?"

ನಾನು ತಂತಿಯ ಸುರುಳಿಯತ್ತ ನೋಡಿದೆ. ಕರಡಿ ಸಾಯುವುದು ಹಾಗಿರಲಿ, ಆ ಬೇಲಿಯ ಪಕ್ಕವೇ ನಮ್ಮೂರ ದುರಗಮ್ಮ ದಿನಾ ಆಡು ಹೊಡೆದುಕೊಂಡು ಹೋಗುತ್ತಾಳೆ. ಸುಮ್ಮನಿದ್ದರೆ ಆ ಪಾಪ ನನ್ನ ತಲೆಗೇ.

"ಹಣ್ಣ ನಾ ಹರದೀನಿ. ಜೋಡುಬಂಡಿ ಮ್ಯಾಲಿನವೂ," ಎಂದೆ.

ತಮ್ಮ ಬಾಯಿ ಬಿಟ್ಟುಕೊಂಡು ನೋಡಿದ. "ಯವ್ವಾ! ನೀ ಅದರ ಹಣ್ಣ ಮಾರಿದಿ, ಅದು ನನ್ನ ಹೊಲಕ್ಕ ಬಂತು! ಭಾಳ ಶಾಣ್ಯಾಕಿ ಬಿಡಕ್ಕ."

"ಬೈಯಿ, ಬೈಸ್ಕೋತೀನಿ. ತಂತಿ ಮಾತ್ರ ಎಳೀಬ್ಯಾಡ. ಹೊಲ ನಾ ಕಾಯ್ತೀನಿ."

"ಎಲ್ಲೀ ಮಟ?"

"ಬಾರಿಹಣ್ಣ ಆಗೂ ಮಟ," ಯಂಕೇಶ ಹೊಲದಾಚೆಯ ಬೋರೆ ಗಿಡಗಳತ್ತ ಕೈ ತೋರಿಸಿ ಹೇಳಿದ. "ಆಮ್ಯಾಲ ಅದು ಅತ್ತಾಗ ಹೋಗ್ತೈತಿ."

"ಅಷ್ಟರಾಗ ಇನ್ನೊಂದು ತೆನಿ ಹ್ವಾದ್ರೂ ತಂತಿ ಎಳೀತೀನಿ ನೋಡು," ಎಂದ ತಮ್ಮ.

ಬಜಾರ ಬಿಟ್ಟೆ. ಸಂಜೆಯಾದರೆ ಹೊಲದ ಕಾವಲು ಮಂಚಿಕೆ ಹತ್ತಿ ಡಬ್ಬ ಬಡಿದೆ. ಎರಡು ಸಲ ಕರಡಿ ಬದುವಿನ ತನಕ ಬಂದು ಗುರುಗುಟ್ಟಿತು. ಹೆದರಿಕೆಯಾದರೂ ಡಬ್ಬ ಬಿಡಲಿಲ್ಲ. "ತಪ್ಪಾತು, ಜೋಡುಬಂಡಿ ಮ್ಯಾಲಿಂದು ಇನ್ನ ಮುಟ್ಟಂಗಿಲ್ಲ, ಹೋಗಪಾ!" ಎಂದೂ ಕೂಗಿದೆ.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಹೊಲದಾಚೆಯ ಕಾಲುದಾರಿಯಲ್ಲಿ ಹೊಸ ಲದ್ದಿ ಕಂಡಿತು. ನಾನೂ ಕಡ್ಡಿಯಿಂದ ಕೆದಕಿದೆ. ಜೋಳದ ಒಂದು ಕಾಳೂ ಇಲ್ಲ, ತುಂಬ ಬಾರಿಬೀಜ. ಮುತ್ತುಗದ ಎಲೆಯಲ್ಲಿ ಎತ್ತಿಕೊಂಡು ಹೋಗಿ ತಮ್ಮನ ಮನೆ ಕಟ್ಟೆಯ ಮೇಲಿಟ್ಟೆ.

"ಥೂ! ಮುಂಜಾನೆದ್ದು ಏನ ತಂದೀಯಕ್ಕ?"

"ಬಗ್ಗಿ ನೋಡು."

ಅವನು ಮೂಗು ಮುಚ್ಚಿಕೊಂಡೇ ನೋಡಿದ. ಒಳಗೆ ಹೋಗಿ ತಂತಿಯ ಸುರುಳಿ ತಂದು ನನ್ನ ಕೈಗೇ ಕೊಟ್ಟ.

"ತಗೊ. ಬರೋ ದಸರಾಕ ಜೋಡುಬಂಡಿಗೆ ಬೇಲಿ ಕಟ್ಟು. ಕರಡಿಗಲ್ಲ, ನಿನಗ."