ತನ್ಗಸುವು

ಅಂಗಳದಲ್ಲಿ ಮಲಗಿಸಿದ್ದ ಅವ್ವ ಸಣ್ಣವ್ವನ ಹೆಣದ ಕಾಲಿನ ಎರಡೂ ಹೆಬ್ಬೆರಳು ಕೂಡಿಸಿ ಮಲ್ಲಮ್ಮ ದಾರ ಸುತ್ತುತ್ತಿದ್ದಳು. ತಲೆಯ ಕಡೆ ನಿಂತು ಶಾರದವ್ವ ಮಾತಾಡುತ್ತಿದ್ದಳು. ಆಕೆ ಕುಬಿಹಾಳದ ಮಹಿಳಾ ಸಂಘದ ಅಧ್ಯಕ್ಷೆ. ಸಣ್ಣವ್ವ ಜೀವಮಾನವೆಲ್ಲ ಕೂಲಿಗೆ ಹೋದ ಮನೆಯ ಸೊಸೆಯೂ ಹೌದು.

"ನಮ್ಮ ಸಂಘದ ಹೆಸರು ತನ್ಗಸುವು. ಯಾವ ಪುಸ್ತಕದಾಗೂ ಸಿಗದ ಮಾತು. ಯಾರೂ ಕೊಡಲಾರದ್ದು, ತನ್ನೊಳಗಿಂದನ ಬರೂ ಕಸುವು ಅಂತ ಅರ್ಥ. ನಮ್ಮತ್ತಿ ಆಡ್ತಿದ್ದ ಮಾತು. ಅದನ್ನ ಕೇಳಿ ಕೇಳೇ ನಮ್ಮ ಸಣ್ಣವ್ವ ಗಟ್ಟಿ ಆದ್ಳು."

ಮಲ್ಲಮ್ಮನ ಕೈ ನಿಂತಿತು. ಅತ್ತೆಯ ಮಾತಂತೆ! ಉಂಡ ಮನೆಯ ಜಂತೆ ಎಣಿಸುವುದೆಂದರೆ ಇದೇ.

ನೆರೆಮನೆಯ ಬಸವಣ್ಣೆವ್ವ ಪಿಸುಗುಟ್ಟಿದಳು: "ಹೌದೇನ ಮಲ್ಲೀ? ಅವರತ್ತಿ ಮುದುಕಿ ಮಾತೇನ ಇದು? ನಿಮ್ಮವ್ವ ತಂದು ಅಂತಿದ್ಲಲ್ಲ?"

*

ಮಲ್ಲಮ್ಮ ಆಗ ಸಣ್ಣ ಹುಡುಗಿ. ಶಾರದವ್ವನ ಅತ್ತೆಯ ಹೊಲದಲ್ಲಿ ಅವ್ವ ಜೋಳದ ಕಣಿಕೆಯ ಹೊರೆ ಕಟ್ಟಿ, ತಲೆಗೇರಿಸಲು ಒಂದು ಕೈ ಹಚ್ಚಿರೆಂದು ಬೇಡಿದಳು. ಅತ್ತೆ ಸರಕ್ಕನೆ ಹಿಂದೆ ಸರಿದಳು.

"ನೀ ಮುಟ್ಟಿದ ಹೊರಿ ಮುಟ್ಟಿ, ಮತ್ತ ಜಳಕಾ ಯಾರು ಮಾಡ್ಬೇಕು?"

ಅವ್ವ ಹೊರೆಯನ್ನು ಬದುವಿನ ಮೇಲಕ್ಕೆ ಉರುಳಿಸಿದಳು. ಕೆಳಗೆ ಮೊಣಕಾಲೂರಿ, ತಲೆ ಕೊಟ್ಟು, ಹಲ್ಲು ಕಚ್ಚಿ ಎದ್ದಳು.

"ಒಬ್ಬಾಕೀನ ಹೆಂಗ ಎತ್ತಿದೆ ಬೇ?"

"ತನ್ಗಸುವು ಎತ್ತಿತು, ನಡಿ."

ಆ ಮಾತು ಹುಟ್ಟಿದ್ದು ಹಾಗೆ. ಸಂಘ ಕಟ್ಟುವಾಗ ಅವ್ವ ಇದನ್ನು ಹೇಳಿದಾಗ ಶಾರದವ್ವ ಗಳಗಳನೆ ಅತ್ತಿದ್ದಳು. "ಇದು ನಿನ್ನ ಮಾತು ಸಣ್ಣವ್ವ. ಎಲ್ಲಿ ಹೇಳಿದ್ರೂ ನಿನ್ನ ಹೆಸರು ತೊಗೊಂಡ ಹೇಳ್ತೀನಿ" ಎಂದು ಕೈ ಹಿಡಿದಿದ್ದಳು. ಅದನ್ನು ಅವ್ವ ಕೇರಿಗೆಲ್ಲ ಹೇಳಿಕೊಂಡು ಬಂದಿದ್ದಳು, ಪಾಪ.

*

"ಅಕ್ಕಾರ," ಮಲ್ಲಮ್ಮ ಎದ್ದಳು. "ಆವತ್ತು ಹೊಲದಾಗ ಏನಾತು, ಅದನ್ನೂ ಹೇಳ್ರಿ."

ಶಾರದವ್ವ ಹತ್ತಿರ ಬಂದು ದನಿ ತಗ್ಗಿಸಿದಳು. "ಮಂದಿ ಮುಂದ ಬ್ಯಾಡ ಮಲ್ಲಮ್ಮ. ನಮ್ಮ ಮನಿ ಮರ್ಯಾದಿ ಐತಿ. ಎಲ್ಲಾ ಸಭಾದಾಗೂ ನಾ ಹೀಂಗ ಹೇಳೀನಿ. ನಿಮ್ಮವ್ವ ಮುಂದ ಕುಂತು ಕೇಳ್ಯಾಳ. ಏನೂ ಅನ್ನಲಿಲ್ಲ."

ಮೊಣಕಾಲು ನೋವೆಂದು ಅವ್ವ ಸಭೆಗೆ ಹೋಗುವುದನ್ನೇ ಬಿಟ್ಟಿದ್ದಳು. ಯಾಕೆಂದು ಮಲ್ಲಮ್ಮನಿಗೆ ಈಗ ತಿಳಿಯಿತು.

"ಬಸವಣ್ಣೆವ್ವ, ನೀ ಕೇಳಿದ್ಯಲ್ಲ, ಹೇಳ್ತೀನಿ ಕೇಳು" ಎಂದು ಅಂಗಳಕ್ಕೆಲ್ಲ ಕೇಳುವಂತೆ ನಡೆದದ್ದಷ್ಟನ್ನೂ ಹೇಳಿದಳು. ಅಳುತ್ತಿದ್ದವರು ತಲೆ ಎತ್ತಿ ಶಾರದವ್ವನ ಕಡೆ ನೋಡಿದರು.

ಅವ್ವನನ್ನು ಮಲಗಿಸಿದ ಸಿದಿಗೆ ಎತ್ತುವ ಹೊತ್ತಾಯಿತು. ಎಲ್ಲರಿಗಿಂತ ಮುಂಚೆ ಶಾರದವ್ವನೇ ಬಿದಿರಿಗೆ ಕೈ ಚಾಚಿದಳು.

"ಬಿಡ್ರಿ ಅಕ್ಕಾರ," ಎಂದಳು ಮಲ್ಲಮ್ಮ. "ನಾವ ಎತ್ತತೀವಿ."

ಕೇರಿಯ ಹೆಂಗಸರು ಹೆಗಲು ಕೊಟ್ಟರು. ಸಿದಿಗೆ ಒಮ್ಮೆ ವಾಲಿ, ನೆಟ್ಟಗಾಗಿ, ಓಣಿ ದಾಟಿತು. ಚಾಚಿದ ಕೈಯನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದೆ ಶಾರದವ್ವ ಖಾಲಿ ಅಂಗಳದಲ್ಲಿ ನಿಂತಿದ್ದಳು.